ಅತ್ತೆ ತೋರಿಸಿದ ಹಣ್ಣಿನ ಜಾಗ

ಪೊಲ್‌ರೇಕಾ ಹಳ್ಳಿ, ೨೨ ಸೆಪ್ಟೆಂಬರ್ ೧೯೯೬

ಗ್ಲೆಬ್,

ಅಳಿಯ ಎಂದು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಕೊನೆಗೆ ಬರೀ ಹೆಸರು ಬರೆದಿದ್ದೇನೆ. ಇದೇ ಹೆಚ್ಚು ಎಂದುಕೋ.

ನೀನು ದೇಶದ್ರೋಹಿ ಎಂದು ರೇಡಿಯೋದಲ್ಲಿ ಹೇಳಿದರು. ಹಡಗು ಕಾರ್ಖಾನೆಯವರು ವಿಷದ ಪೀಪಾಯಿಗಳನ್ನು ಯಾವುದೋ ಜೌಗಿನಲ್ಲಿ ಹೂತಿದ್ದಾರೆ ಎಂದು ನೀನು ಪತ್ರಿಕೆಗೆ ಬರೆದೆಯಂತೆ, ಅದು ಸರ್ಕಾರದ ಗುಟ್ಟಂತೆ, ಹನ್ನೆರಡು ವರ್ಷ ಜೈಲಂತೆ. ಯಾವ ಜೌಗು ಎಂದು ಮಾತ್ರ ಯಾರೂ ಹೇಳುತ್ತಿಲ್ಲ. ನಮ್ಮ ಕಡೆ ಜೌಗಿಗೇನು ಬರವೇ? ನೋಡು, ಬೇರೆಯವರ ಬೀರುವಿನಿಂದ ಕಾಗದ ತೆಗೆದಿದ್ದರೆ ವಾಪಸು ಕೊಟ್ಟು, ತಪ್ಪಾಯಿತು ಎಂದು ಹೇಳಿ ಹೊರಗೆ ಬಾ. ಸಮುದ್ರದ ನೀರು ಪರೀಕ್ಷೆ ಮಾಡುವ ನಿನಗೆ ಜೌಗಿನ ಸುದ್ದಿ ಯಾಕೆ ಬೇಕಿತ್ತು?

ನಿನ್ನ ಹೆಂಡತಿ ಝೋಯಾ ಮೀನು ಹಡಗಿನಲ್ಲಿ ಅಡಿಗೆ ಕೆಲಸಕ್ಕೆ ಹೊರಟುಹೋದಳು. ನಿನ್ನನ್ನು ಹಿಡಿಯುವ ಮೊದಲೇ ಒಪ್ಪಿಕೊಂಡಿದ್ದ ಕೆಲಸ. ಹೋಗದಿದ್ದರೆ ಈಗ ಮನೆ ನಡೆಸುವವರು ಯಾರು? ವಸಂತಕ್ಕೆ ಬರುತ್ತಾಳೆ. ವಾರ್ಯ ನನ್ನ ಹತ್ತಿರ ಇದ್ದಾಳೆ. ಅಪ್ಪ ದೂರದ ದ್ವೀಪದಲ್ಲಿ ಹಕ್ಕಿ ಎಣಿಸುತ್ತಿದ್ದಾನೆ ಎಂದು ಹೇಳಿದ್ದೇನೆ. "ಎಣಿಸೋಕೆ ಇಷ್ಟೊತ್ತು ಬೇಕಾ ಅಜ್ಜಿ?" ಎನ್ನುತ್ತಾಳೆ. ನಿನ್ನ ಮಗಳೇ ಸರಿ.

ಒಣ ಮೀನು, ಬೆಳ್ಳುಳ್ಳಿ, ಉಣ್ಣೆ ಕಾಲುಚೀಲ ಮತ್ತು ಒಂದು ಡಬ್ಬಿ ಜೌಗಿನ ಮೊರೋಷ್ಕಾ ಹಣ್ಣು ಕಳಿಸಿದ್ದೇನೆ. ಗಾಜಿನ ಜಾಡಿ ತೆಗೆದುಕೊಳ್ಳುವುದಿಲ್ಲವಂತೆ, ಅದಕ್ಕೆ ಹಣ್ಣನ್ನು ಪ್ಲಾಸ್ಟಿಕ್ ಡಬ್ಬಿಗೆ ಸುರಿದೆ. ಅದು ಎಲ್ಲಿಯದು ಎಂದು ನಿನಗೆ ಗೊತ್ತು, ನನಗೆ ಗೊತ್ತು. ಈ ಆಗಸ್ಟಿನಲ್ಲಿ ನಿನ್ನನ್ನು ಎಲ್ಲಿಗೆ ಕರೆದುಕೊಂಡು ಹೋದೆ ಎಂದು ಇನ್ನೊಬ್ಬರಿಗೆ ಗೊತ್ತಾಗುವುದು ಬೇಡ. ಝೋಯಾಳಿಗೂ ತೋರಿಸದ ಜಾಗ ಅದು. ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ.

ಕಾಗದಗಳನ್ನು ಮಧ್ಯೆ ಒಬ್ಬ ಓದುತ್ತಾನೆ ಎಂದು ಅಂಚೆಯವಳು ಹೇಳಿದಳು. ಓದುವ ತಮ್ಮಾ, ನಿನಗೂ ನಮಸ್ಕಾರ. ಕಣ್ಣು ಜೋಪಾನ, ನನ್ನ ಅಕ್ಷರ ಕೆಟ್ಟದು.

ಅನ್ಫೀಸಾ ಯೆಗೋರೊವ್ನಾ


ವಿಚಾರಣಾ ಸೆರೆಮನೆ, ೧೦ ಅಕ್ಟೋಬರ್ ೧೯೯೬

ಪ್ರೀತಿಯ ಅತ್ತೆಗೆ ನಮಸ್ಕಾರ.

ಬರೀ ಹೆಸರಾದರೂ ಬರೆದಿರಿ, ಅಷ್ಟೇ ಸಾಕು. ಇಲ್ಲಿ ನನ್ನನ್ನು ಉಪನಾಮದಿಂದ ಕೂಗುತ್ತಾರೆ.

ಕಾಲುಚೀಲ ಹಾಕಿಕೊಂಡೇ ಬರೆಯುತ್ತಿದ್ದೇನೆ. ಮೀನನ್ನು ಕೋಣೆಯ ಎಲ್ಲರೂ ಹಂಚಿಕೊಂಡೆವು. ನನ್ನ ಪಕ್ಕದ ಹಾಸಿಗೆಯವನು ಕುದುರೆ ಕದ್ದವನು. "ನೀನೇನು ಕದ್ದೆ ಪ್ರೊಫೆಸರ್?" ಎಂದ. ಏನೂ ಕದ್ದಿಲ್ಲ, ಇದ್ದದ್ದನ್ನು ಇದೆ ಎಂದು ಹೇಳಿದೆ ಎಂದೆ. "ಹಂಗಾದ್ರೆ ನಿಂಗೇ ಜಾಸ್ತಿ ಶಿಕ್ಷೆ" ಎಂದ. ನಿನ್ನ ಅತ್ತೆಗೆ ಇನ್ನೊಬ್ಬ ಮಗಳಿದ್ದಾಳೆಯೇ ಎಂದು ಕೇಳಿದ. ಮೀನು ಅಷ್ಟು ಹಿಡಿಸಿದೆ.

ನಾನು ಯಾವ ಬೀರುವನ್ನೂ ಮುಟ್ಟಿಲ್ಲ ಅತ್ತೆ. ಅವರು ಕೇಳುವುದು ಒಂದೇ ಮಾತು, ಜಾಗ ನಿನಗೆ ಹೇಗೆ ಗೊತ್ತಾಯಿತು? ಗುಟ್ಟಿನ ಕಾಗದದಲ್ಲಿ ನೋಡಿದೆ ಎಂದರೆ ದೇಶದ್ರೋಹ. ಯಾರೋ ತೋರಿಸಿದರು ಎಂದರೆ ಆ ತೋರಿಸಿದವರೂ ಒಳಗೆ ಬರುತ್ತಾರೆ ಎಂದು ತನಿಖೆಯವನು ನಗುನಗುತ್ತ ಹೇಳಿದ. ಅದಕ್ಕೆ ಸುಮ್ಮನಿದ್ದೇನೆ. ವಕೀಲರಿಂದಲೂ ಬಾಯಿ ಬಿಡುವುದಿಲ್ಲ ಎಂದು ಸಹಿ ಹಾಕಿಸಿಕೊಂಡಿದ್ದಾರೆ.

ಒಂದು ವಿನಂತಿ. ವಾರ್ಯಾಗೆ ಮೊರೋಷ್ಕಾ ಕೊಡಬೇಡಿ. ಹಲ್ಲು ಹಾಳಾಗುತ್ತದೆ. ಹಾಲು, ಮೀನು, ಆಲೂಗಡ್ಡೆ ಸಾಕು. ನೀವೂ ತಿನ್ನಬೇಡಿ, ನಿಮಗೆ ಹೊಟ್ಟೆಯ ಉರಿ ಇದೆಯಲ್ಲ. ದಯವಿಟ್ಟು.

ನಿಮ್ಮ ಗ್ಲೆಬ್


ಪೊಲ್‌ರೇಕಾ, ೨೭ ಅಕ್ಟೋಬರ್ ೧೯೯೬

ಅಳಿಯ,

ಕಾಗದ ಕದ್ದಿಲ್ಲ ಎಂದು ಬರೆದೆಯಲ್ಲ, ಅದಕ್ಕೆ ಮತ್ತೆ ಅಳಿಯ ಎಂದು ಬರೆದಿದ್ದೇನೆ.

ಹಲ್ಲಿನ ಮಾತು ಎಲ್ಲಿಂದ ಬಂತು? ಮಗು ದಿನಾ ಬೆಳಿಗ್ಗೆ ಹಾಲಿನ ಜೊತೆ ಒಂದು ಬಟ್ಟಲು ಮೊರೋಷ್ಕಾ ತಿನ್ನುತ್ತಾಳೆ. ಕೆನ್ನೆ ನೋಡಿದರೆ ನಿನ್ನ ದೃಷ್ಟಿಯೇ ತಾಗೀತು. ನಿನ್ನ ಹೆಂಡತಿಯನ್ನು ಬೆಳೆಸಿದ್ದೂ ಇದರಲ್ಲೇ. ನನ್ನ ಹೊಟ್ಟೆಯ ಚಿಂತೆ ನಿನಗೆ ಬೇಡ.

ಇನ್ನೊಂದು ಸುದ್ದಿ. ನಗರದಿಂದ ತನಿಖೆಯವನು ಬಂದಿದ್ದ. ಚಿಕ್ಕ ಹುಡುಗ, ಒಳ್ಳೆಯ ಬೂಟು, ಕೆಸರಿಗೆ ಆಗದ ಬೂಟು. ನನ್ನ ಕಾಗದವನ್ನು ಓದಿದ್ದಾನೆ!

"ಅಜ್ಜಿ, ಆಗಸ್ಟಿನಲ್ಲಿ ಅಳಿಯನ್ನ ಎಲ್ಲಿಗೆ ಕರ್ಕೊಂಡು ಹೋಗಿದ್ರಿ?"

"ಸ್ಮಶಾನಕ್ಕೆ. ನಮ್ಮ ಯಜಮಾನ್ರ ಸಮಾಧಿ ಬೇಲಿಗೆ ಬಣ್ಣ ಹಚ್ಚೋಕೆ."

"ಕಾಡಿಗೆ? ಜೌಗಿಗೆ?"

"ಅವನ್ನಾ? ಕಕ್ಕಸಿಗೆ ಹೋದ್ರೆ ವಾಪಸ್ ಬರೋ ದಾರಿ ಹುಡುಕ್ತಾನೆ ಅವ್ನು. ಜೌಗಿಗೆ ಬಿಟ್ರೆ ನನ್ನ ಮಗಳಿಗೆ ನಾನೇನು ಹೇಳ್ಲಿ?"

ಎಲ್ಲವನ್ನೂ ಬರೆದುಕೊಂಡ. ಸಹಿ ಹಾಕಿದೆ. ನನಗೆ ಅನ್ನಿಸಿದ್ದು, ಈ ನಗರದವರಿಗೆ ನಮ್ಮ ಹಣ್ಣಿನ ಮೇಲೆ ಕಣ್ಣು. ಹೋದ ವರ್ಷ ಬಸ್ಸಿನಲ್ಲಿ ಬಂದು ಪಕ್ಕದ ಹಳ್ಳಿಯ ಜಾಗವನ್ನೆಲ್ಲ ಬಾಚಿಕೊಂಡು ಹೋಗಲಿಲ್ಲವೇ? ನನ್ನ ಬಾಯಿಂದ ಬರುತ್ತದೆಯೇ! ಆದರೆ ಮನೆಗೆ ಬಂದವನನ್ನು ಹಾಗೇ ಕಳಿಸಲಾಗುವುದಿಲ್ಲ. ಟೀ ಕೊಟ್ಟು, ಬಟ್ಟಲಿಗೆ ಮೊರೋಷ್ಕಾ ಹಾಕಿದೆ. ಎರಡು ಸಲ ಹಾಕಿಸಿಕೊಂಡು ತಿಂದ. ಅವನ ತಾಯಿಗೆಂದು ಚಿಕ್ಕ ಡಬ್ಬಿಯನ್ನೂ ಕಟ್ಟಿಕೊಟ್ಟೆ.

ನಿನಗೂ ಇನ್ನೊಂದು ಡಬ್ಬಿ ಕಳಿಸಿದ್ದೇನೆ. ಕುದುರೆ ಕದ್ದವನಿಗೂ ಕೊಡು. ನನಗೆ ಇನ್ನೊಬ್ಬ ಮಗಳಿಲ್ಲ ಎಂದು ಹೇಳು.

ಓದುವ ತಮ್ಮನಿಗೆ ನಮಸ್ಕಾರ. ಚಾಡಿ ಹೇಳಿದ್ದು ನೀನೇ ಇರಬೇಕು. ಆದರೂ ನಮಸ್ಕಾರ.

ಅತ್ತೆ


ಸೆರೆಮನೆ, ೧೫ ನವೆಂಬರ್ ೧೯೯೬

ಅತ್ತೆಗೆ,

ನೇರವಾಗಿ ಹೇಳುತ್ತೇನೆ, ಕ್ಷಮಿಸಿ. ಈ ವರ್ಷದ ನಿಮ್ಮ ಮೊರೋಷ್ಕಾ ಚೆನ್ನಾಗಿಲ್ಲ. ಕೆಟ್ಟಿದೆ. ಹುಳಿ ಬಂದಿದೆ, ಮೇಲೆ ಬೂಸ್ಟು ಕಟ್ಟಿದೆ. ತಿಂದವರಿಗೆಲ್ಲ ಹೊಟ್ಟೆ ಕೆಟ್ಟಿತು. ನಿಮಗೆ ವಯಸ್ಸಾಯಿತು, ಮೊದಲಿನ ಕೈ ಇಲ್ಲ. ಎಲ್ಲ ಡಬ್ಬಿಗಳನ್ನೂ ಇವತ್ತೇ ಬಿಸಾಡಿ. ವಾರ್ಯ ಅದನ್ನು ಬಾಯಿಗೆ ಹಾಕಬಾರದು. ಒಂದು ಚಮಚವೂ ಬೇಡ.

ಇದನ್ನು ಓದಿ ನನ್ನನ್ನು ಬೈಯಿರಿ. ಎಷ್ಟು ಬೇಕಾದರೂ ಬೈಯಿರಿ. ಆದರೆ ಬಿಸಾಡಿ.

ಗ್ಲೆಬ್


ಪೊಲ್‌ರೇಕಾ, ೩ ಡಿಸೆಂಬರ್ ೧೯೯೬

ಮಾನ್ಯ ಗ್ಲೆಬ್ ಆರ್ಸೆನ್ಯೆವಿಚ್ ಅವರಿಗೆ,

ತಮ್ಮ ಪತ್ರ ತಲುಪಿತು. ಎಲ್ಲ ಡಬ್ಬಿಗಳನ್ನೂ ತೆರೆದು ನೋಡಿದೆ. ಪಕ್ಕದ ಮನೆಯ ಪೆಲಗೇಯಾಳನ್ನೂ ಕರೆದು ರುಚಿ ನೋಡಿಸಿದೆ. ಯಾವುದರಲ್ಲೂ ಬೂಸ್ಟು ಇಲ್ಲ, ಹುಳಿ ಇಲ್ಲ. ಖಾತ್ರಿ ಮಾಡಿಕೊಳ್ಳಲು ನಾನು ಮತ್ತು ವಾರ್ಯ ಕೂತು ಒಂದು ಡಬ್ಬಿಯನ್ನು ಪೂರ್ತಿ ಮುಗಿಸಿದೆವು. ಇಬ್ಬರೂ ಆರೋಗ್ಯವಾಗಿದ್ದೇವೆ.

ತಮಗೆ ಹಣ್ಣು ಕಳಿಸುವ ತಪ್ಪನ್ನು ಇನ್ನು ಮಾಡುವುದಿಲ್ಲ. ಬೆಳ್ಳುಳ್ಳಿ ಮಾತ್ರ ಕಳಿಸಿದ್ದೇನೆ. ಅದು ದೇವರು ಬೆಳೆದದ್ದು, ನನ್ನ ಕೈ ತಾಗಿಲ್ಲ.

ಅ. ಯೆ.


ಸೆರೆಮನೆ, ೧೪ ಡಿಸೆಂಬರ್ ೧೯೯೬

ಅತ್ತೆ, ನನ್ನ ಅತ್ತೆ,

ಸುಳ್ಳು ಹೇಳಿದೆ. ನಿಮ್ಮ ಕೈಯ ಮೊರೋಷ್ಕಾ ಯಾವತ್ತೂ ಕೆಟ್ಟಿಲ್ಲ. ಈಗ ನಿಜವನ್ನೇ ಬರೆಯುತ್ತೇನೆ, ನನಗೆ ಏನಾದರೂ ಆಗಲಿ.

■■■■■■■■■■■■■■■■■■■■■■■■
■■■■■■■■■■■■■■■■■■■■■■■■
■■■■■■■■■■■■■■■■

ಆಗಸ್ಟಿನ ಆ ದಿನ ನೆನಪಿದೆಯೇ? ಬಿದ್ದ ಮರದ ಮೇಲೆ ಕೂತು ಇಬ್ಬರೂ ಬ್ರೆಡ್ಡು, ಉಪ್ಪು ಹಚ್ಚಿದ ಸೌತೆಕಾಯಿ ತಿಂದೆವು. ಯಾರಿಗೂ ಹೇಳುವುದಿಲ್ಲ ಎಂದು ಬ್ರೆಡ್ಡಿನ ಮೇಲೆ ಆಣೆ ಮಾಡಿಸಿಕೊಂಡಿರಿ. ಮದುವೆಯಾಗಿ ಎಂಟು ವರ್ಷಕ್ಕೆ ನನ್ನನ್ನು ಮನೆಯವನು ಎಂದು ಒಪ್ಪಿದಿರಿ. ಅವತ್ತು ನಾನು ಎಷ್ಟು ಸುಖಪಟ್ಟೆ ಎಂದು ನಿಮಗೆ ಹೇಳಿಲ್ಲ. ನನ್ನ ಚೀಲದಲ್ಲಿ ಏನೋ ಚಿಟಿಚಿಟಿ ಸದ್ದು ಮಾಡಿತು. "ಮಿಡತೆ ಹಿಡ್ಕೊಂಡು ಬಂದಿದ್ದೀಯಾ?" ಎಂದು ಕೇಳಿದಿರಿ. ಬ್ಯಾಟರಿ ಹಳೆಯದು ಎಂದೆ. ಬ್ಯಾಟರಿ ಹೊಸದು ಅತ್ತೆ.

■■■■■■■■■■■■■■■■■■■■■■■■
■■■■■■■■■■

ಆ ಭಾನುವಾರ ನಿಮ್ಮ ಮನೆಗೆ ಬಂದು ಹೇಳಬೇಕೆಂದಿದ್ದೆ. ಶನಿವಾರ ಅವರೇ ನನ್ನ ಮನೆಗೆ ಬಂದು ನನ್ನನ್ನು ಹಿಡಿದರು. ಆಣೆಯನ್ನು ನಾನು ಮುರಿದಿಲ್ಲ. ಯಾರು ತೋರಿಸಿದರು ಎಂದು ಇವತ್ತಿಗೂ ಹೇಳಿಲ್ಲ.

ವಾರ್ಯಾಳನ್ನು ■■■■■■■■■■

ನಿಮ್ಮ ಗ್ಲೆಬ್


ಪೊಲ್‌ರೇಕಾ, ೬ ಜನವರಿ ೧೯೯೭

ನನ್ನ ಮಗನೇ,

ನಿನ್ನ ಕಾಗದವನ್ನು ದೀಪಕ್ಕೆ ಹಿಡಿದೆ, ಕಿಟಕಿಗೆ ಹಿಡಿದೆ. ಮಸಿಯ ಕೆಳಗೆ ಏನೂ ಕಾಣಲಿಲ್ಲ. ಬೇಕಾಗಿಯೂ ಇರಲಿಲ್ಲ. "ಬ್ಯಾಟರಿ ಹೊಸದು" ಎಂಬಲ್ಲಿಗೆ ಬಂದಾಗ ಒಲೆಯ ಪಕ್ಕದಲ್ಲೇ ಕೂತುಬಿಟ್ಟೆ. ವಿಷ ಇದ್ದಲ್ಲಿ ಚಿಟಿಚಿಟಿ ಎನ್ನುವ ಪೆಟ್ಟಿಗೆ ಅದು, ನಿನ್ನ ಕೆಲಸದ್ದು. ಆ ಪೀಪಾಯಿಗಳು ಇರುವುದು ನನ್ನ ಜೌಗಿನಲ್ಲಿ. ನಾನು ಅದನ್ನೇ ಬಟ್ಟಲಿಗೆ ಹಾಕಿ ಮಗುವಿಗೆ ಕೊಡುತ್ತಿದ್ದೆ. ನೀನು ಹಲ್ಲು ಎಂದೆ, ಕೇಳಲಿಲ್ಲ. ಬೂಸ್ಟು ಎಂದೆ, ಸಿಟ್ಟಿಗೆ ಒಂದು ಡಬ್ಬಿ ಜಾಸ್ತಿ ತಿನ್ನಿಸಿದೆ.

ಮರುದಿನವೇ ತಿಮೊಫೆಯ ಮೀನು ಲಾರಿಯಲ್ಲಿ ವಾರ್ಯಾಳನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ ತೆಗೆದರು. ಈಗ ಏನೂ ಕಾಣುತ್ತಿಲ್ಲ, ವಸಂತದಲ್ಲಿ ಮತ್ತೆ ಕರೆತನ್ನಿ ಎಂದರು. ಸೂಜಿ ಚುಚ್ಚುವಾಗ ಅವಳು ಅಳಲಿಲ್ಲ, ನಾನೇ ಅತ್ತುಬಿಟ್ಟೆ. ಡಬ್ಬಿಗಳನ್ನು ಕೊಟ್ಟಿಗೆಯ ಮೂಲೆಯಲ್ಲಿಟ್ಟು ಬೀಗ ಹಾಕಿದ್ದೇನೆ. ನೆಲ ಹೆಪ್ಪುಗಟ್ಟಿದೆ, ಹೂಳಲಾಗುವುದಿಲ್ಲ. ಹೂಳುವ ಬುದ್ಧಿಯೂ ಬೇಡ, ಹೂತವರ ಕಥೆ ನೋಡಿದೆನಲ್ಲ.

ಆಮೇಲೆ ಬ್ರೆಡ್ಡಿನ ಗಾಡಿ ಬರುವ ದಿನ ಅಂಗಡಿಗೆ ಹೋದೆ. ಹೆಂಗಸರೆಲ್ಲ ಸಾಲಿನಲ್ಲಿದ್ದರು.

"ಹೆಂಗಸ್ರೇ, ನನ್ನ ಮೊರೋಷ್ಕಾ ಜಾಗ ಎಲ್ಲಿದೆ ಅಂತ ಹೇಳ್ತೀನಿ, ಕೇಳಿ" ಎಂದೆ.

ಅಂಗಡಿಯವಳ ಕೈಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು. ಪೆಲಗೇಯಾ ನನ್ನ ಹಣೆ ಮುಟ್ಟಿದಳು. "ಅನ್ಫೀಸಾ, ಸಾಯ್ತಿದ್ದೀಯೇನೇ?"

ಹೇಳಿಯೇಬಿಟ್ಟೆ. ಯಾವ ಕೆರೆಯ ಆಚೆ, ಯಾವ ಮರದ ಎಡಕ್ಕೆ, ಎಲ್ಲ. ಇಲ್ಲಿ ಬರೆಯುವುದಿಲ್ಲ, ಓದುವ ತಮ್ಮನ ಮಸಿ ದಂಡ. ಪೆಲಗೇಯಾ ಹಿಟ್ಟಿನ ಚೀಲದ ಮೇಲೆ ಕೂತಳು.

"ಅದು ನನ್ನ ಜಾಗ" ಎಂದಳು.

"ನಿಂದು ಹೆಂಗಾಯ್ತು? ಮದುವೆಯಾಗಿ ಬಂದ ವರ್ಷದಿಂದ ನಾನು ಹೋಗ್ತಿದ್ದೀನಿ!"

"ನಮ್ಮಮ್ಮ ಸಾಯೋವಾಗ ನನ್ನ ಕಿವಿಯಲ್ಲಿ ಹೇಳಿದ್ದು ಕಣೇ ಅದು!"

ಹಿಂದಿನಿಂದ ಕ್ಲಾವ್ದಿಯಾ ಮೆಲ್ಲಗೆ ಹೇಳಿದಳು, "ನಾನು ಕೆರೆ ಕಡೆಯಿಂದ ಹೋಗ್ತೀನಿ."

"ಅಲ್ಲಿ ಕೆಮ್ಮೋದು ನೀನಾ? ಕರಡಿ ಅಂತ ಬುಟ್ಟಿ ಬಿಟ್ಟು ಓಡಿದ್ದೆನಲ್ಲೇ ನಾನು!"

"ಗೊತ್ತು. ಬುಟ್ಟಿ ನಮ್ಮನೇಲಿದೆ."

ನಂಬುತ್ತೀಯಾ ಗ್ಲೆಬ್? ಸಾಲಿನಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜನ ಅದೇ ಜೌಗಿನವರು. ಒಬ್ಬೊಬ್ಬರದು ಒಂದೊಂದು ಕಳ್ಳದಾರಿ. ಜನ್ಮವೆಲ್ಲ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಬಂದಿದ್ದೇವೆ. ನಗು ಎಂದರೆ ನಗು, ಅಂಗಡಿಯವಳು ಕಣ್ಣು ಒರೆಸಿಕೊಂಡಳು. ಆಮೇಲೆ ನಾನು ಪೀಪಾಯಿಯ ವಿಷಯ ಹೇಳಿದೆ. ನಗು ಹಾಗೇ ನಿಂತುಹೋಯಿತು. "ನನ್ನ ಮೊಮ್ಮಕ್ಕಳಿಗೆಲ್ಲ ಕಳಿಸಿದ್ದೀನಿ" ಎಂದಳು ಕ್ಲಾವ್ದಿಯಾ. ಬ್ರೆಡ್ಡು ತೆಗೆದುಕೊಳ್ಳುವುದನ್ನೂ ಮರೆತು ಮನೆಗೆ ಹೋದಳು.

ನಿನ್ನೆ ನಗರಕ್ಕೆ ಬಂದಿದ್ದೆ. ನಿನ್ನನ್ನು ನೋಡಲು ಬಿಡಲಿಲ್ಲ. ಒಳ್ಳೆಯ ಬೂಟಿನ ಹುಡುಗನನ್ನು ಕಂಡೆ. ನಾನು ಸಹಿ ಹಾಕಿದ್ದು ಸುಳ್ಳು, ಅಳಿಯನಿಗೆ ಜೌಗು ತೋರಿಸಿದವಳು ನಾನು, ಅಲ್ಲಿ ಬೇಲಿ ಇಲ್ಲ, ಬೋರ್ಡು ಇಲ್ಲ ಎಂದೆ.

"ಅಜ್ಜಿ, ಅವತ್ತು ಯಾಕೆ ಸುಳ್ಳು ಹೇಳಿದ್ರಿ?"

"ಹಣ್ಣಿನ ಜಾಗವನ್ನ ಯಾರಾದ್ರೂ ಹೇಳ್ತಾರೇನಪ್ಪಾ?"

"ನಿಮ್ಮನ್ನೂ ಒಳಗೆ ಹಾಕ್ಬಹುದು, ಗೊತ್ತಾ?"

"ಹಾಕು. ನೀನು ನನ್ನ ಮನೇಲಿ ಎರಡು ಬಟ್ಟಲು ತಿಂದೆಯಲ್ಲ, ಅದೂ ಅಲ್ಲಿಂದಲೇ ಬಂದದ್ದು. ನಿಮ್ಮಮ್ಮಂಗೆ ಕೊಟ್ಟ ಡಬ್ಬೀನ ಬಿಸಾಡ್ಸಪ್ಪಾ ಮೊದ್ಲು."

ಅವನು ಪೆನ್ನು ಕೆಳಗಿಟ್ಟು ಫೋನು ಮಾಡಲು ಹೊರಗೆ ಹೋದ. ಪಾಪ, ತಾಯಿಗೇ ಇರಬೇಕು.

ಓದುವ ತಮ್ಮಾ, ನಿನ್ನ ಮನೆಗೂ ಯಾರಾದರೂ ನಮ್ಮ ಕಡೆಯ ಹಣ್ಣು ತಂದುಕೊಟ್ಟಿದ್ದರೆ ತಿನ್ನಬೇಡ. ಈ ಸಾಲಿಗೆ ಬೇಕಾದರೆ ಮಸಿ ಬಳಿ, ಆದರೆ ಓದಿ ಬಳಿ.

ಗ್ಲೆಬ್, ಬರೀ ಒಂದು ಆಣೆಗಾಗಿ ಹನ್ನೆರಡು ವರ್ಷ ಕೂರಲು ಹೊರಟಿದ್ದೆಯಾ, ಹುಚ್ಚಪ್ಪಾ? ನಾವೆಲ್ಲ ನ್ಯಾಯಾಲಯಕ್ಕೆ ಬರುತ್ತೇವೆ.

ನಿನ್ನ ಅತ್ತೆ


ನಗರ, ನಮ್ಮ ಮನೆ, ೨ ಮಾರ್ಚ್ ೧೯೯೭

ಪ್ರೀತಿಯ ಅತ್ತೆಗೆ,

ಮೇಲೆ ಬರೆದ ವಿಳಾಸವನ್ನು ಇನ್ನೊಮ್ಮೆ ಓದಿ. ಮನೆಯಿಂದ ಬರೆಯುತ್ತಿದ್ದೇನೆ. ಅಡಿಗೆಮನೆಯ ನಲ್ಲಿ ಸೋರುತ್ತಿದೆ, ಅದನ್ನು ಕೇಳುತ್ತ ಕೂತಿದ್ದೇನೆ, ರಿಪೇರಿ ಮಾಡಲು ಮನಸ್ಸಿಲ್ಲ.

ಪೂರ್ತಿ ಬಿಟ್ಟಿಲ್ಲ. ನ್ಯಾಯಾಧೀಶರು ಮೊಕದ್ದಮೆಯನ್ನು ಮತ್ತೆ ತನಿಖೆಗೆ ಕಳಿಸಿದ್ದಾರೆ. ಅಲ್ಲಿಯವರೆಗೆ ನಗರ ಬಿಟ್ಟು ಹೋಗುವುದಿಲ್ಲ ಎಂದು ಸಹಿ ಹಾಕಿ ಬಂದಿದ್ದೇನೆ. ವಾರ್ಯಾಳನ್ನು ನೋಡಲು ನಾನು ಬರುವಂತಿಲ್ಲ, ಅವಳೇ ಬರಬೇಕು. ಹಕ್ಕಿ ಎಣಿಸಿ ಮುಗಿಯಿತೇ ಎಂದು ಕೇಳಿದರೆ ಏನು ಹೇಳಲಿ?

ನ್ಯಾಯಾಲಯದ ಒಳಗೆ ನಡೆದದ್ದನ್ನು ಬರೆಯುವುದಿಲ್ಲ ಎಂದೂ ಸಹಿ ಹಾಕಿದ್ದೇನೆ. ಆದರೆ ಹೊರಗಿನ ಕಾರಿಡಾರಿನಲ್ಲಿ ಕೇಳಿಸಿದ್ದನ್ನು ಬರೆಯಬಾರದು ಎಂದು ಯಾರೂ ಹೇಳಿಲ್ಲ. ನನ್ನನ್ನು ಕರೆದುಕೊಂಡು ಹೋಗುವಾಗ ನೀವೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂತಿದ್ದಿರಿ. ಮೀನಿನ ಕಡುಬಿನ ವಾಸನೆ. ಕಾವಲಿನವನಿಗೂ ಒಂದು ತುಂಡು ಕೊಟ್ಟಿದ್ದಿರಿ. ಸಾಕ್ಷಿ ಹೇಳಿ ಹೊರಗೆ ಬಂದ ಪೆಲಗೇಯಾ ಕ್ಲಾವ್ದಿಯಾಗೆ ಹೇಳುತ್ತಿದ್ದರು: "ಬೇಲಿ ಇತ್ತಾ ಅಂತ ಕೇಳ್ತಾನೆ. ಬೇಲಿ ಹತ್ತೋ ವಯಸ್ಸಾ ನಂದು, ನೀನೇ ಹೇಳು ಅಂದೆ." ಕ್ಲಾವ್ದಿಯಾ, "ನನ್ನನ್ನ ಗುಟ್ಟಿನ ಜಾಗಾನಾ ಅಂತ ಕೇಳಿದ್ರು. ಹೌದು ಸ್ವಾಮಿ, ನಮ್ಮ ಗುಟ್ಟು ಅದು, ನಿಮ್ದು ಯಾವಾಗ ಆಯ್ತು ಅಂದೆ."

ಅತ್ತೆ, ನೀವು ನೀಲಿ ಶಾಲು ಹೊದ್ದು, ಕರಿ ಸ್ಕರ್ಟು ಹಾಕಿಕೊಂಡು ಬಂದಿದ್ದಿರಿ. ಅದು ನಿಮ್ಮ ಪೆಟ್ಟಿಗೆಯ ತಳದ ಗಂಟಿನದು, ನಿಮ್ಮನ್ನು ಕೊನೆಗೆ ಕಳಿಸುವಾಗ ಉಡಿಸಲೆಂದು ನೀವೇ ಮಡಿಸಿಟ್ಟದ್ದು. ಝೋಯಾ ನನಗೆ ಒಮ್ಮೆ ತೋರಿಸಿದ್ದಳು. ಅದನ್ನು ಉಟ್ಟು ನನಗಾಗಿ ಬಂದಿರಿ. ದಯವಿಟ್ಟು ಒಗೆದು, ಮತ್ತೆ ಮಡಿಸಿಡಿ. ಇನ್ನೂ ಬಹಳ ಕಾಲ ಅದು ಬೇಡ.

ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. ಡಿಸೆಂಬರಿನ ಆ ಕಾಗದದಲ್ಲಿ ಜೌಗು, ಪೀಪಾಯಿ ಎಂದು ಬರೆದ ಸಾಲುಗಳೆಲ್ಲ ಮಸಿಯಾದವು. ಬಿದ್ದ ಮರದ ಸಾಲು, ಬ್ಯಾಟರಿಯ ಸಾಲು ಉಳಿದವು. ಓದಿದವನಿಗೆ ಅರ್ಥವಾಗಲಿಲ್ಲವೋ, ಅರ್ಥವಾಗಿಯೇ ಬಿಟ್ಟನೋ ಗೊತ್ತಿಲ್ಲ. ನೀವು ಪ್ರತಿ ಸಲ ಅವನಿಗೆ ನಮಸ್ಕಾರ ಹೇಳುತ್ತಿದ್ದಿರಿ.

ಆಗಸ್ಟಿನ ಸಂಜೆಯೇ ನಿಮಗೆ ಹೇಳಬೇಕಿತ್ತು. ಮೊದಲು ಮೇಲಿನವರಿಗೆ ಹೇಳಿದೆ, ಆಮೇಲೆ ಪತ್ರಿಕೆಗೆ. ಎಲ್ಲರಿಗಿಂತ ಮೊದಲು ಹೇಳಬೇಕಾದವರು ನೀವು.

ನಿಮ್ಮ ಗ್ಲೆಬ್


ಪೊಲ್‌ರೇಕಾ, ೧೦ ಆಗಸ್ಟ್ ೧೯೯೭

ಅಳಿಯ,

ವಾರ್ಯ ನಿನ್ನ ಹತ್ತಿರದಿಂದ ವಾಪಸು ಬಂದು ನಿಂತಲ್ಲಿ ನಿಲ್ಲುತ್ತಿಲ್ಲ. "ಅಪ್ಪ ಹಕ್ಕಿ ಎಣಿಸ್ತಿರ್ಲಿಲ್ಲ, ಜೈಲಲ್ಲಿದ್ದ, ನಂಗೆ ಮೊದ್ಲೇ ಗೊತ್ತಿತ್ತು" ಎಂದು ಊರಿಗೆಲ್ಲ ಹೇಳುತ್ತಿದ್ದಾಳೆ. ಬಾಯಿ ಝೋಯಾಳದು. ಎರಡನೆಯ ರಕ್ತಪರೀಕ್ಷೆಯಲ್ಲೂ ಏನೂ ಇಲ್ಲವಂತೆ. ಪ್ರತಿ ವರ್ಷ ತೋರಿಸಿ ಎಂದಿದ್ದಾರೆ, ತೋರಿಸುತ್ತೇನೆ. ಝೋಯಾ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಹಣ್ಣಿನ ವಿಷಯಕ್ಕಲ್ಲ, ಜಾಗವನ್ನು ಅಳಿಯನಿಗೆ ತೋರಿಸಿ ಮಗಳಿಗೆ ತೋರಿಸಲಿಲ್ಲ ಎಂದು.

ಸೈನಿಕರು ಬಂದು ಜೌಗಿನ ಸುತ್ತ ಬೇಲಿ ಹಾಕಿದರು. ಪ್ರವೇಶವಿಲ್ಲ ಎಂದು ಬೋರ್ಡು. ಯಾಕೆ ಎಂದು ಬರೆದಿಲ್ಲ. ಪೆಲಗೇಯಾ ಇದ್ದಿಲು ತೆಗೆದುಕೊಂಡು ಹೋಗಿ ಕೆಳಗೆ ಅದನ್ನೂ ಬರೆದು ಬಂದಳು. ಮಳೆಗೆ ಅಳಿಸುತ್ತದೆ, ಅವಳು ಮತ್ತೆ ಹೋಗಿ ಬರೆಯುತ್ತಾಳೆ. ಅವಳನ್ನು ಹಿಡಿಯಲು ಇನ್ನೂ ಯಾರೂ ಬಂದಿಲ್ಲ. ಬಂದರೆ ಕಡುಬು ತೆಗೆದುಕೊಂಡು ನಾವು ಹೊರಡುತ್ತೇವೆ, ಈಗ ದಾರಿ ಗೊತ್ತು.

ನಿನ್ನ ಮೊಕದ್ದಮೆ ಅಕ್ಟೋಬರಿನಲ್ಲಿ ಮತ್ತೆ ಬರುತ್ತದಂತೆ. ಆಗಲೂ ಬರುತ್ತೇವೆ. ನೀಲಿ ಶಾಲನ್ನು ಗಂಟಿಗೆ ಹಾಕಿಲ್ಲ, ಮೊಳೆಗೆ ನೇತುಹಾಕಿದ್ದೇನೆ. ಹೊದೆಯುವ ಕೆಲಸ ಇನ್ನೂ ಇದೆ.

ಈ ವರ್ಷ ಹೆಂಗಸರೆಲ್ಲ ಸೇರಿ ಒಂದೇ ಜೌಗಿಗೆ, ಎಲ್ಲರಿಗೂ ಗೊತ್ತಿರುವ ಜಾಗಕ್ಕೆ ಹೋಗಿ ಮೊರೋಷ್ಕಾ ಕೊಯ್ದೆವು. ಹಾಡು, ಹರಟೆ, ಚೆನ್ನಾಗಿತ್ತು. ಆದರೆ ಗ್ಲೆಬ್, ಎಲ್ಲರಿಗೂ ಗೊತ್ತಿರುವ ಜಾಗದ ಹಣ್ಣು ಬಾಯಿಗೆ ಹತ್ತುವುದಿಲ್ಲ. ಮರುದಿನ ನಾನೊಬ್ಬಳೇ ಇನ್ನೊಂದು ಕಡೆ ನಡೆದೆ, ಹೊಸ ಜಾಗ ಸಿಕ್ಕಿತು. ಎಲ್ಲಿ ಎಂದು ಬರೆಯುವುದಿಲ್ಲ. ಈಗಲೂ ಮಧ್ಯೆ ಓದುವವನಿದ್ದರೆ ಅವನಿಗೆ ನಮಸ್ಕಾರ, ಆದರೆ ಅವನಿಗೂ ಹೇಳುವುದಿಲ್ಲ.

ತಿಮೊಫೆಯ ಕೈಯಲ್ಲಿ ಒಂದು ಡಬ್ಬಿ ಕಳಿಸಿದ್ದೇನೆ. ನಾನು ರುಚಿ ನೋಡಿಲ್ಲ, ವಾರ್ಯಾಗೂ ಕೊಟ್ಟಿಲ್ಲ. ನಿನ್ನ ಪೆಟ್ಟಿಗೆಯನ್ನು ಅವರು ವಾಪಸು ಕೊಟ್ಟಿರದಿದ್ದರೆ ಯಾರದಾದರೂ ಬೇಡಿ ತಾ, ಮುಚ್ಚಳ ತೆಗೆದು ಹಣ್ಣಿನ ಮೇಲೆ ಹಿಡಿ. ಸುಮ್ಮನಿದ್ದರೆ ಹೊಟ್ಟೆ ತುಂಬ ತಿನ್ನು.

ಚಿಟಿಚಿಟಿ ಎಂದರೆ ಈ ಸಲ ಮೊದಲು ನನಗೆ ಹೇಳು. ಪತ್ರಿಕೆಗೆ ಇಬ್ಬರೂ ಸೇರಿ ಹೋಗೋಣ.

ನಿನ್ನ ಅತ್ತೆ